ಕ್ಷಮೆಯಂತೂ ಸರಿಯಾದ ಸಮಯಕ್ಕೆ ಬಂತು

ಇಂಡಿಗೋ ವಿಮಾನಯಾನ ಸಂಸ್ಥೆಯಲ್ಲಿ ಕ್ಷಮಾಪಣೆ ಬರೆದುಕೊಡುವವರ ಸನ್ನಿಧಿಗೆ,

ಮಾನ್ಯರೇ,

ನಿಮ್ಮ ಹೆಸರು, ಹುದ್ದೆ ಯಾವುದೂ ನನಗೆ ಗೊತ್ತಿಲ್ಲ. ಆದರೆ 2025ರ ಡಿಸೆಂಬರ್ ಮೊದಲ ವಾರದಲ್ಲಿ, ಇಂಡಿಗೋದ ಸಾವಿರಾರು ವಿಮಾನ ರದ್ದಾದಾಗ, ನಿಮ್ಮ ಕಂಪನಿಯಲ್ಲಿ ಹೊತ್ತಿಗೆ ಸರಿಯಾಗಿ ಕೆಲಸ ಮುಗಿಸಿದವರು ಯಾರಾದರೂ ಇದ್ದರೆ ಅದು ನೀವೇ ಇರಬೇಕು. ವಿಮಾನ ಬರಲಿಲ್ಲ, ಪೈಲಟ್ ಬರಲಿಲ್ಲ, ಬ್ಯಾಗೂ ಬರಲಿಲ್ಲ, ಕ್ಷಮೆ ಬಂತು. ಮೊದಲು ಪ್ರಕಟಣೆಯಾಗಿ ಬಂತು, ಆಮೇಲೆ ಆಗಿನ ಸಿಇಒ ಪೀಟರ್ ಎಲ್ಬರ್ಸ್ ಅವರ ವಿಡಿಯೊ ಆಗಿ ಬಂತು, ಅದೂ ಸಾಲದೆಂದು ಅಧ್ಯಕ್ಷ ವಿಕ್ರಮ್ ಸಿಂಗ್ ಮೆಹ್ತಾ ಅವರ ಬಾಯಲ್ಲೂ ಬಂತು. ಇಷ್ಟು ತಪ್ಪದ ಸರ್ವೀಸು ಆಗ ನಿಮ್ಮ ಬೇರೆ ಯಾವ ಮಾರ್ಗಕ್ಕೂ ಇರಲಿಲ್ಲ.

ನಾನು ಆ ದಿನಗಳಲ್ಲಿ ವಿಮಾನ ನಿಲ್ದಾಣದ ಕಡೆ ತಲೆ ಹಾಕಿದವನಲ್ಲ. ಹಾಗಾಗಿ ನಿಮ್ಮ ಬರವಣಿಗೆಯನ್ನು ಹೊಟ್ಟೆಯುರಿ ಇಲ್ಲದೆ, ಕಾಫಿ ಕುಡಿಯುತ್ತ ಓದಿದ ಕೆಲವೇ ಜನರಲ್ಲಿ ನಾನೂ ಒಬ್ಬ. ಓದಿ ಮೆಚ್ಚಿಕೊಂಡೆ. ಮೊದಲ ಪ್ರಕಟಣೆಯಲ್ಲಿ ನೀವು ಕೊಟ್ಟ ಕಾರಣಗಳು ಐದು: ಸಣ್ಣಪುಟ್ಟ ತಾಂತ್ರಿಕ ದೋಷ, ಚಳಿಗಾಲದ ವೇಳಾಪಟ್ಟಿ, ಹವಾಮಾನ, ದಟ್ಟಣೆ, ಕೊನೆಯಲ್ಲಿ ಸಿಬ್ಬಂದಿಯ ಹೊಸ ಡ್ಯೂಟಿ ನಿಯಮ. ಇವೆಲ್ಲ ಸೇರಿ ಹೀಗಾದೀತೆಂದು ಮೊದಲೇ ಊಹಿಸಲು ಸಾಧ್ಯವಿರಲಿಲ್ಲ ಎಂದೂ ಬರೆದಿರಿ. ಹೌದಲ್ಲ, ಚಳಿಗಾಲ ಡಿಸೆಂಬರಿನಲ್ಲೇ ಬಂದುಬಿಡುತ್ತದೆಂದು ಯಾರಿಗೆ ತಾನೇ ಗೊತ್ತಿತ್ತು! ಅಸಲಿ ಕಾರಣವನ್ನು ಐದನೆಯದಾಗಿ ಕೂರಿಸಿದ್ದಂತೂ ಲಗ್ನಪತ್ರಿಕೆಯಲ್ಲಿ ವರನ ಹೆಸರನ್ನು ಬಂಧುಮಿತ್ರರ ಸಾಲಿಗೆ ಸೇರಿಸಿದ ಹಾಗಿತ್ತು.

ಆ ಐದನೆಯ ಕಾರಣದ ಜಾತಕ ಇಷ್ಟು. ಪೈಲಟ್‌ಗಳಿಗೆ ವಾರದ ವಿಶ್ರಾಂತಿ 36 ಗಂಟೆಯ ಬದಲು 48 ಗಂಟೆ ಇರಬೇಕು. ರಾತ್ರಿ ಡ್ಯೂಟಿ ಎಂದು ಲೆಕ್ಕ ಹಿಡಿಯುವ ಹೊತ್ತು ಬೆಳಿಗ್ಗೆ ಐದಕ್ಕಲ್ಲ, ಆರಕ್ಕೆ ಮುಗಿಯಬೇಕು. ರಾತ್ರಿ ಡ್ಯೂಟಿಯಲ್ಲಿ ಆರರವರೆಗೆ ಇದ್ದ ಲ್ಯಾಂಡಿಂಗ್ ಎರಡಕ್ಕೆ ಇಳಿಯಬೇಕು. ವಿಮಾನಯಾನ ನಿಯಂತ್ರಣ ಸಂಸ್ಥೆ ಡಿಜಿಸಿಎ ಇದನ್ನು ಪ್ರಕಟಿಸಿದ್ದು 2024ರ ಜನವರಿಯಲ್ಲಿ. ವಿಮಾನ ಕಂಪನಿಗಳು ಗೊಣಗಿದವು, ವಿಷಯ ದೆಹಲಿ ಹೈಕೋರ್ಟ್‌ವರೆಗೂ ಹೋಯಿತು, ಕೊನೆಗೆ 2025ರ ಜುಲೈ 1 ಮತ್ತು ನವೆಂಬರ್ 1 ಎಂದು ಎರಡು ಕಂತಿನಲ್ಲಿ ಜಾರಿಗೆ ಬಂತು. ನಿಮ್ಮ ಕೈಯಲ್ಲಿದ್ದದ್ದು ಹತ್ತಿರ ಹತ್ತಿರ ಎರಡು ವರ್ಷ. ಅಷ್ಟು ಸಮಯವಿದ್ದೂ ಕಂಪನಿ ಪೈಲಟ್‌ಗಳ ನೇಮಕವನ್ನೇ ತಡೆಹಿಡಿದಿತ್ತು ಎಂದು ಪೈಲಟ್‌ಗಳ ಒಕ್ಕೂಟ ದೂರಿತು. ಡಿಸೆಂಬರ್‌ವರೆಗೆ ಏನೂ ಸುಳಿವಿರಲಿಲ್ಲವೇ ಅಂದರೆ, ನವೆಂಬರ್ ತಿಂಗಳೊಂದರಲ್ಲೇ ನಿಮ್ಮ 1,232 ವಿಮಾನ ರದ್ದಾಗಿದ್ದವು. ಅದರಲ್ಲಿ 755 ಸಿಬ್ಬಂದಿ ಮತ್ತು ಡ್ಯೂಟಿ ನಿಯಮದ ಲೆಕ್ಕಕ್ಕೇ. ಊಹೆಗೆ ನಿಲುಕದ್ದು ಹೀಗೆ ತಿಂಗಳಿಡೀ ಕದ ತಟ್ಟುತ್ತಲೇ ಇತ್ತು.

ಹುಬ್ಬಳ್ಳಿಯ ಸಂಗತಿ ನಿಮ್ಮ ಮೇಜಿಗೆ ಬಂದಿತ್ತೋ ಇಲ್ಲವೋ. ಭುವನೇಶ್ವರದಲ್ಲಿ ಮದುವೆಯಾದ ಜೋಡಿ, ಡಿಸೆಂಬರ್ 3ಕ್ಕೆ ಹುಬ್ಬಳ್ಳಿಯ ಗುಜರಾತ್ ಭವನದಲ್ಲಿ ಆರತಕ್ಷತೆ. ವಿಮಾನ ಈಗ ಬರುತ್ತೆ, ಆಗ ಬರುತ್ತೆ ಎಂದು ರಾತ್ರಿ ಕಳೆದು ಬೆಳಿಗ್ಗೆ ರದ್ದಾಯಿತು. ಇಲ್ಲಿ ಅಡುಗೆ ಆಗಿತ್ತು, ನೆಂಟರೂ ಬಂದಿದ್ದರು. ವಧೂವರರು ಅಲಂಕಾರ ಮಾಡಿಕೊಂಡು ಅಲ್ಲಿಂದಲೇ ಪರದೆ ಮೇಲೆ ಕಾಣಿಸಿಕೊಂಡರು. ಅವರು ಕೂರಬೇಕಿದ್ದ ಕುರ್ಚಿಯಲ್ಲಿ ವಧುವಿನ ಅಪ್ಪ ಅಮ್ಮ ಕೂತರು. ಈ ತರದ ಸಂದರ್ಭಕ್ಕೆ ನಿಮ್ಮಲ್ಲಿ ಬೇರೆ ಫಾರ್ಮ್ಯಾಟ್ ಏನಾದರೂ ಇದೆಯೇ, ಅಥವಾ ‘ಅನನುಕೂಲಕ್ಕಾಗಿ ವಿಷಾದಿಸುತ್ತೇವೆ’ ಎಂಬುದರಲ್ಲೇ ಅಕ್ಷತೆಯೂ ಬಂತೇ?

ಆದರೆ ನಾನು ಪತ್ರ ಬರೆಯಲು ಕೂತದ್ದು ಇದಕ್ಕಲ್ಲ.

ಡಿಸೆಂಬರ್ 5ರಂದು ನಿಮ್ಮ ಸಾವಿರಕ್ಕೂ ಹೆಚ್ಚು ವಿಮಾನ ಒಂದೇ ದಿನ ರದ್ದಾದವು. ಅದೇ ದಿನ ಸರ್ಕಾರ ಮಣಿಯಿತು. ರಾತ್ರಿ ಡ್ಯೂಟಿಯ ಹೊಸ ಮಿತಿಗಳಿಂದ ನಿಮಗೆ ಮಾತ್ರ 2026ರ ಫೆಬ್ರುವರಿ 10ರವರೆಗೆ ವಿನಾಯಿತಿ ಸಿಕ್ಕಿತು. ರಜೆಯನ್ನು ವಾರದ ವಿಶ್ರಾಂತಿಯ ಲೆಕ್ಕಕ್ಕೆ ಹಿಡಿಯಬಾರದು ಎಂಬ ಸೂಚನೆಯೂ ವಾಪಸಾಯಿತು. ದೇಶದೊಳಗೆ ಹಾರುವ ನೂರು ಜನರಲ್ಲಿ ಅರವತ್ತಕ್ಕೂ ಹೆಚ್ಚು ಮಂದಿ ನಿಮ್ಮ ವಿಮಾನದಲ್ಲೇ ಹಾರುವಾಗ ಬೇರೆ ದಾರಿ ಏನಿತ್ತು? ಕ್ಷಮೆ ಪ್ರಯಾಣಿಕರಿಗೆ ಹೋಯಿತು, ರಿಯಾಯಿತಿ ಕಂಪನಿಗೆ ಹೋಯಿತು. ಎರಡರ ಬಿಲ್ಲನ್ನೂ ಪೈಲಟ್‌ನ ನಿದ್ದೆಗೆ ಹಚ್ಚಿದಿರಿ.

ಕರಾವಳಿಯವರಿಗೆ ಪೈಲಟ್‌ನ ನಿದ್ದೆ ಅಂದರೆ ತಮಾಷೆಯ ಮಾತಲ್ಲ. 2010ರ ಮೇ 22ರ ಬೆಳಿಗ್ಗೆ ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನ ಬಜ್ಪೆಯಲ್ಲಿ ರನ್‌ವೇ ದಾಟಿ ಕಮರಿಗೆ ಬಿದ್ದು 158 ಜನ ಸತ್ತರು. ತನಿಖೆಯವರು ಕಾಕ್‌ಪಿಟ್ ರೆಕಾರ್ಡರ್ ಕೇಳಿದಾಗ ಮೊದಲ 1 ಗಂಟೆ 40 ನಿಮಿಷ ಮಾತೇ ಇರಲಿಲ್ಲ, ನಡುನಡುವೆ ಗೊರಕೆಯ ಸದ್ದಿತ್ತು. ಕ್ಯಾಪ್ಟನ್ ನಿದ್ದೆಯಲ್ಲಿದ್ದರು. ಎದ್ದ ಮೇಲೂ ಮಂಪರು ಹರಿದಿರಲಿಲ್ಲ. ಇಳಿಸಬೇಡಿ, ಮತ್ತೆ ಮೇಲೇರಿಸಿ ಎಂದು ಸಹ ಪೈಲಟ್ ಮೂರು ಸಲ ಎಚ್ಚರಿಸಿದರೂ ವಿಮಾನ ಇಳಿಯಿತು. ಆ ಕಂಪನಿ ನೀವಲ್ಲ, ಒಪ್ಪಿದೆ. ಆದರೆ ನೀವು ಐದನೆಯ ಸಾಲಿಗೆ ತಳ್ಳಿದ ನಿಯಮ ಇರುವುದು ಇಂಥ ಬೆಳಗುಗಳು ಮತ್ತೆ ಬಾರದಿರಲೆಂದು. ‘ಸಿಬ್ಬಂದಿ ಕೊರತೆ’ ಎಂದು ಪೇಪರಿನವರೂ ಬರೆದರು. ಕೊರತೆ ಬಿದ್ದದ್ದು ಇಂಡಿಗೋದ ಟೈಮ್‌ಟೇಬಲ್ಲಿಗೆ. ಅದನ್ನು ಪೈಲಟ್‌ಗಳು ನಿದ್ದೆಗೆಟ್ಟು ಇಷ್ಟು ದಿನ ತುಂಬಿಕೊಡುತ್ತಿದ್ದರು.

2026ರ ಜನವರಿಯಲ್ಲಿ ಡಿಜಿಸಿಎ ತೀರ್ಪು ಕೊಟ್ಟಿತು. ಡಿಸೆಂಬರ್ 3ರಿಂದ 5ರವರೆಗೆ 2,507 ವಿಮಾನ ರದ್ದು, ಮೂರು ಲಕ್ಷಕ್ಕೂ ಮಿಕ್ಕಿ ಜನ ಅತಂತ್ರ. ಮುಖ್ಯ ಕಾರಣಗಳಲ್ಲೊಂದು, ಸಿಬ್ಬಂದಿಯನ್ನೂ ವಿಮಾನಗಳನ್ನೂ ಉಸಿರಾಡಲು ಬಿಡದಷ್ಟು ಬಿಗಿಯಾಗಿ ದುಡಿಸಿಕೊಂಡದ್ದು. ಚಳಿಗಾಲ ಖುಲಾಸೆಯಾಯಿತು ಅನ್ನಿ. ದಂಡ 22.20 ಕೋಟಿ ರೂಪಾಯಿ. 2024–25ರಲ್ಲಿ ನಿಮ್ಮ ನಿವ್ವಳ ಲಾಭ 7,258 ಕೋಟಿ. ಭಾಗಿಸಿ ನೋಡಿದರೆ ದಂಡ ಸುಮಾರು 27 ಗಂಟೆಯ ಲಾಭಕ್ಕೆ ಸಮ. ಪೈಲಟ್‌ಗೆ 48 ಗಂಟೆ ಬಿಡುವು ಕೊಡುವುದಕ್ಕಿಂತ ಇದೇ ಅಗ್ಗ ಎಂದು ನಿಮ್ಮ ಲೆಕ್ಕಪತ್ರದವರು ಆಗಲೇ ಗುರುತು ಹಾಕಿಕೊಂಡಿರಬೇಕು.

ತೀರಾ ತೊಂದರೆಯಾದವರಿಗೆ ಹತ್ತು ಸಾವಿರದ ವೋಚರ್ ಕೊಟ್ಟಿರಿ, ಸಂತೋಷ. ವರ್ಷದೊಳಗೆ ನಿಮ್ಮದೇ ವಿಮಾನ ಹತ್ತಿ ಅದನ್ನು ತೀರಿಸಬೇಕು. ಯಾರಾದರೂ ಅದರಲ್ಲಿ ರಾತ್ರಿ ವಿಮಾನ ಬುಕ್ ಮಾಡಿದರೆ ಒಂದು ಉಪಕಾರವಾಗಲಿ. ಕಿಟಕಿ ಸೀಟೋ, ಊಟ ವೆಜ್ಜೋ ನಾನ್‌ವೆಜ್ಜೋ ಎಂದೆಲ್ಲ ಕೇಳುತ್ತೀರಲ್ಲ, ಅದರ ಕೆಳಗೇ ಒಂದು ಸಾಲು ಸೇರಿಸಿ: ನಿಮ್ಮ ಪೈಲಟ್‌ಗೆ ಈ ವಾರ ಇದು ಎಷ್ಟನೆಯ ರಾತ್ರಿ ಲ್ಯಾಂಡಿಂಗ್. ಕನ್ನಡದಲ್ಲೇ ಇರಲಿ. ಇದಕ್ಕೆ ಬೇಕಾದರೆ ಎಕ್ಸ್‌ಟ್ರಾ ಚಾರ್ಜ್ ಹಾಕಿಕೊಳ್ಳಿ.

ಇಂತಿ,
ಸೀಟ್ ಬೆಲ್ಟ್ ಸಡಿಲಿಸದ ಒಬ್ಬ ಕನ್ನಡಿಗ