ಗಾರ್ಫೀಲ್ಡಿನ ಪಾದ್ರಿಗಳಿಗೆ ಮಾಕಣಿಯಿಂದ ನಾಲ್ಕು ಬುದ್ಧಿಮಾತು

ನ್ಯೂಜೆರ್ಸಿಯ ಗಾರ್ಫೀಲ್ಡ್ ಊರಿನ ಹೋಲಿ ನೇಮ್ ಚರ್ಚಿನ ಪಾದ್ರಿಗಳ ಸನ್ನಿಧಿಗೆ, ಮಹಾರಾಷ್ಟ್ರದ ಮಾಕಣಿ ಸೀಮೆಯ ಒಬ್ಬ ಗಣಪತಿ ಮಂಡಳದ ಹಿರಿಯ ಮಾಡುವ ಶರಣು ಶರಣಾರ್ಥಿ.

ನಮ್ಮ ಗುರುತು ನಿಮಗಿರಲಿಕ್ಕಿಲ್ಲ. ತೇರಣಾ ನದಿಗೆ ಅಡ್ಡ ಕಟ್ಟಿದ ಅಣೆಕಟ್ಟಿನ ಊರು ನಮ್ಮದು. ಜಿಲ್ಲೆ ಮೊದಲು ಉಸ್ಮಾನಾಬಾದ್, ಈಗ ಧಾರಾಶಿವ. ಕಚೇರಿಯಲ್ಲಿ ಮರಾಠಿ, ಮನೆಯಲ್ಲಿ ಕನ್ನಡ, ಸಾಲ ಕೇಳುವಾಗ ಎರಡೂ. ಗಣಪತಿ ಕೂಡಿಸುವುದು, ಪಟ್ಟಿ ಎತ್ತುವುದು, ಜಾತ್ರೆಗೆ ಬಾಜಾ ಬಜಂತ್ರಿ ಗೊತ್ತು ಮಾಡುವುದು, ಆಮೇಲೆ ಬಜಂತ್ರಿಯವರ ಜೊತೆ ಜಗಳ ತೆಗೆಯುವುದು ನನ್ನ ಪಾಲಿಗೆ ಬಂದ ಸೇವೆ. ಈ ಕೊನೆಯ ಸೇವೆಯಲ್ಲಿ ನೀವೂ ನಮ್ಮ ಬಳಗದವರೇ ಎಂದು ತಿಳಿದು ಈ ಪತ್ರ ಬರೆಯುತ್ತಿದ್ದೇನೆ.

ನಿಮ್ಮ ಚರ್ಚಿನ ಆಸರೆಯಲ್ಲಿ 1934ರಲ್ಲಿ ಊರ ಹುಡುಗರು ಡ್ರಮ್ಮು, ಕಹಳೆ, ಬಾವುಟ ಹಿಡಿದು ‘ಹೋಲಿ ನೇಮ್ ಕೆಡೆಟ್ಸ್’ ಎಂಬ ಪಡೆ ಕಟ್ಟಿದರು. ನಿಮ್ಮ ಸುತ್ತಿನ ಎಷ್ಟೋ ಚರ್ಚುಗಳು ಆಗ ಹೀಗೇ ಮಾಡಿದವು. ಬಾಸ್ಟನ್ನಿನ ಹೈಡ್ ಪಾರ್ಕಿನಲ್ಲಿ 1940ರಲ್ಲಿ ಎದ್ದ ಕ್ರುಸೇಡರ್ಸ್ ಪಡೆಯೂ ಒಂದು ಚರ್ಚಿನ ಕೂಸೇ. ಪೋಲಿ ತಿರುಗುವ ವಯಸ್ಸಿನ ಹುಡುಗರ ಕೈಗೆ ಕೋಲು ಕೊಟ್ಟು, ಅದನ್ನು ಯಾರ ತಲೆಯ ಮೇಲೂ ಆಡಿಸದೆ ಚರ್ಮದ ಮೇಲಷ್ಟೇ ಆಡಿಸುವಂತೆ ಮಾಡುವುದು ಒಳ್ಳೆಯ ಯುಕ್ತಿ, ಒಪ್ಪಿದೆ.

ಆದರೆ 1958ರಲ್ಲಿ ನಿಮಗೂ ಅವರಿಗೂ ಬಿಟ್ಟಿತು. ಯಾಕೆ ಬಿಟ್ಟಿತೆಂದು ನಾನು ಕೇಳುವುದಿಲ್ಲ. ಪಟ್ಟಿ ಎತ್ತುವವರಿಗೂ ಬಾರಿಸುವವರಿಗೂ ಜಗಳ ಯಾಕೆ ಬರುತ್ತದೆಂದು ಮಂಡಳದಲ್ಲಿ ಕೂತು ತಲೆ ಹಣ್ಣಾದವನಿಗೆ ಬಿಡಿಸಿ ಹೇಳಬೇಕೆ? ದೇವರ ಹೆಸರು ನಿಮ್ಮ ಹತ್ತಿರ ಉಳಿಯಿತು. ಹುಡುಗರು ಊರ ಹೆಸರು ಹೊತ್ತುಕೊಂಡು ‘ಗಾರ್ಫೀಲ್ಡ್ ಕೆಡೆಟ್ಸ್’ ಆದರು. ಹೋದವರು ಹಾಳಾಗಿ ಹೋದರೆ? ಅದೂ ಇಲ್ಲ. 1983, 84, 85, ಹೀಗೆ ಸತತ ಮೂರು ವರ್ಷ ಡ್ರಮ್ ಕೋರ್ ಇಂಟರ್‌ನ್ಯಾಷನಲ್ ಸ್ಪರ್ಧೆಯಲ್ಲಿ ಮೊದಲು ಬಂದರು. ಎಲ್ಲ ಸೇರಿ ಹತ್ತು ಸಲ ಆ ಪಟ್ಟ ಹೊಡೆದರು. ಕೋರ್ಟು ಮೊಕದ್ದಮೆಯ ಖರ್ಚಿನಲ್ಲಿ ಸಿಕ್ಕಿ 2024ರಲ್ಲಿ ಬಾಗಿಲು ಹಾಕುವವರೆಗೂ ನಿಮ್ಮ ಆಶೀರ್ವಾದವಿಲ್ಲದೆ ಬದುಕಿದರು. ಪೋಷಕರಾದವರಿಗೆ ಇದಕ್ಕಿಂತ ಅವಮಾನ ಇನ್ನೇನಿದೆ ಸ್ವಾಮಿ!

ನಿಮ್ಮ ತಪ್ಪು ಎಲ್ಲಾಯಿತೆಂದು ಹೇಳಲೆ? ಒಳಗೆ ಬಿಟ್ಟುಕೊಂಡಿರಿ. ಅದಕ್ಕೇ ಹೊರಗೆ ಹಾಕುವ ತಾಪತ್ರಯ ಬಂತು. ಚರ್ಚಿನ ಹೆಸರು ಕೊಟ್ಟಿರಿ, ಸಾಲದ್ದಕ್ಕೆ ಮೈಗೆ ಸಮವಸ್ತ್ರ ಬೇರೆ. ಸಮವಸ್ತ್ರ ಹಾಕಿಕೊಂಡವನಿಗೆ ತಾನೂ ಒಬ್ಬ ಮನುಷ್ಯ ಅನ್ನಿಸಿಬಿಡುತ್ತದೆ. ನಮ್ಮ ಹಿರಿಯರು ನೂರಾರು ವರ್ಷ ಮೊದಲೇ ಈ ಅಪಾಯವನ್ನು ಮನಗಂಡಿದ್ದರು. ಹಲಗಿಯ ಸದ್ದಿಗೆ ಮೆಟ್ಟಿಲು ಹತ್ತುವ ಅಗತ್ಯವಿಲ್ಲ, ತಾನಾಗಿಯೇ ಗರ್ಭಗುಡಿಯವರೆಗೆ ಹೋಗುತ್ತದೆ. ಆದ್ದರಿಂದ ಸದ್ದು ಒಳಗೆ, ಸದ್ದು ಮಾಡುವವ ಹೊರಗೆ ಎಂದು ವ್ಯವಸ್ಥೆ ಮಾಡಿದರು. ಒಳಗೇ ಬಾರದವನನ್ನು ಉಚ್ಚಾಟಿಸಲು ಯಾವ ಪಾದ್ರಿಯೂ ಬೇಕಾಗಿಲ್ಲ.

ಹಲಗಿ ಎಂದರೆ ನಿಮಗೆ ತಿಳಿಯದು, ಹೇಳುತ್ತೇನೆ. ದುಂಡನೆಯ ಬಳೆ, ಒಂದೇ ಮಗ್ಗುಲಿಗೆ ಬಿಗಿದ ತೊಗಲು, ಹೆಗಲಿಗೊಂದು ಪಟ್ಟಿ. ಬಲಗೈಯಲ್ಲಿ ಗಿಡ್ಡನೆಯ ದಪ್ಪ ಕೋಲು, ಎಡಗೈಯಲ್ಲಿ ಬಳುಕುವ ತೆಳ್ಳನೆಯ ಕಡ್ಡಿ. ಗಣಪತಿ ಬರುವುದು ಮಳೆಗಾಲದಲ್ಲಿ, ಥಂಡಿಗೆ ತೊಗಲು ಸಡಿಲಾಗಿ ಬದ್ ಬದ್ ಅನ್ನುತ್ತದೆ. ಆಗ ಹುಡುಗರು ರಸ್ತೆ ಬದಿಯಲ್ಲಿ ಕಣಿಕೆ, ಹಳೆಯ ಪೇಪರು ಗುಡ್ಡೆ ಹಾಕಿ ಬೆಂಕಿ ಹಚ್ಚಿ ಹಲಗಿಯ ಮುಖ ಕಾಯಿಸುತ್ತಾರೆ. ನಡುನಡುವೆ ಬೆರಳಿನಿಂದ ಟಣ್ ಟಣ್ ಎಂದು ತಟ್ಟಿ ಕಿವಿಗೊಟ್ಟು ಕೇಳುತ್ತಾರೆ. ಸ್ವಲ್ಪ ಹೆಚ್ಚು ಕಾಯ್ದರೆ ತೊಗಲು ಹರಿಯುತ್ತದೆ, ಕಡಿಮೆಯಾದರೆ ಬೀದಿ ದಾಟುವಷ್ಟರಲ್ಲಿ ಮತ್ತೆ ಸೋಲುತ್ತದೆ. ನಮ್ಮ ಮಂಡಳದವರು ಇದಕ್ಕೆ ‘ಟೈಮ್ ಪಾಸ್’ ಎನ್ನುತ್ತೇವೆ. ಕೂಲಿ ಲೆಕ್ಕದಲ್ಲಿ ಅದನ್ನು ಹಿಡಿಯುವುದಿಲ್ಲ.

ಕೂಲಿಯ ಮಾತು ಬಂತು. ಮೊದಲು ಕೂಲಿಯೆಂಬ ತಕರಾರೇ ಇರಲಿಲ್ಲ. ಸುಗ್ಗಿಯಲ್ಲಿ ಒಂದಿಷ್ಟು ಜೋಳ, ಹಬ್ಬದಲ್ಲಿ ಉಳಿದ ಹೋಳಿಗೆ, ಮೇಲಿನಿಂದ ಹಾಕಿದ ಚಿಲ್ಲರೆ. ಹುಟ್ಟಿಗೆ, ಮದುವೆಗೆ, ಹೆಣಕ್ಕೆ, ಡಂಗುರಕ್ಕೆ ಎಲ್ಲದಕ್ಕೂ ಅದೇ ಹಲಗಿ. ಅದು ‘ಮಾನ’ ಎಂದು ನಾವು ಹೇಳುತ್ತಿದ್ದೆವು. ಕಾಸು ಕೊಡಬೇಕಾದ ಕೆಲಸಕ್ಕೆ ಮಾನ ಎಂದು ಹೆಸರಿಟ್ಟರೆ ಕಾಸು ಉಳಿಯುತ್ತದೆ. ಈ ಗುಟ್ಟು ಗಾರ್ಫೀಲ್ಡಿನವರೆಗೆ ಬಂದಿತ್ತೋ ಇಲ್ಲವೋ.

ಇದನ್ನೆಲ್ಲ ಕೆಡಿಸಿದವರು ಒಬ್ಬರಿದ್ದಾರೆ, ಕೋಟು ಹಾಕಿಕೊಂಡು ಬೆರಳು ತೋರಿಸಿ ಊರೂರಲ್ಲಿ ನಿಂತಿರುತ್ತಾರೆ. 1941ರ ಫೆಬ್ರವರಿಯಲ್ಲಿ ನಮ್ಮ ಜಿಲ್ಲೆಯ ಕಸಬೆ ತಡವಳೆಗೇ ಬಂದು ಮಹಾರ–ಮಾಂಗ ವತನದಾರರ ಪರಿಷತ್ತು ನಡೆಸಿದರು. 1956ರಲ್ಲಿ ನಾಗಪುರದಲ್ಲಿ ಬೌದ್ಧರಾದರು. ಅವರ ಹಿಂದೆ ಹೋದವರು ಊರ ಹಬ್ಬಕ್ಕೆ ಬಾರಿಸುವುದನ್ನೇ ಬಿಟ್ಟರು. ಬಾರಿಸುವ ಭಾರವೆಲ್ಲ ಮಾತಂಗರ ಓಣಿಯ ಮೇಲೆ ಬಿತ್ತು. ಇನ್ನೂ ಒಂದು ತಮಾಷೆ ಕೇಳಿ: ನೀವು ಹುಡುಗರನ್ನು ಕಳೆದುಕೊಂಡ ಅದೇ 1958ರ ಹೆಸರಿನಲ್ಲಿ ಮುಂಬಯಿ ರಾಜ್ಯ ಕೆಳಸ್ತರದ ಗ್ರಾಮ ವತನಗಳನ್ನು ರದ್ದು ಮಾಡುವ ಕಾಯ್ದೆ ತಂದಿತು. ಆ ವರ್ಷದ ಗ್ರಹಗತಿಯೇ ಪೋಷಕರಿಗೆ ಒಳ್ಳೆಯದಿರಲಿಲ್ಲ.

ಕ್ರೈಸ್ತರಿಂದ ನಮಗೇನೂ ಉಪಕಾರವಾಗಿಲ್ಲ ಎಂದುಕೊಳ್ಳಬೇಡಿ. ನಿಜಾಮನ ಕಾಲದಲ್ಲಿ ಈ ಸೀಮೆಗೆಲ್ಲ ಮಿಶನರಿಗಳು ಬಂದರು. ಬೀದರಿನಲ್ಲಿ ಮೆಥೊಡಿಸ್ಟರು ಆಸ್ಪತ್ರೆ, ಶಾಲೆ ತೆರೆದರು. ಕ್ರೈಸ್ತರಾದವರಲ್ಲಿ ಬಹಳ ಮಂದಿ ತೊಗಲಿನ ಕೆಲಸದವರು, ಬಾರಿಸುವವರು. ವಿಗ್ರಹದ ಮುಂದೆ ಇನ್ನು ಬಾರಿಸಬೇಡಿ ಎಂದು ಮಿಶನರಿಗಳ ತಾಕೀತು, ಜಾತ್ರೆಗೆ ಬಾರಿಸದಿದ್ದರೆ ನೋಡಿಕೊಳ್ಳುತ್ತೇವೆ ಎಂದು ಊರ ಗೌಡರ ತಾಕೀತು. ಎರಡು ತಾಕೀತಿನ ನಡುವೆ ನಿಂತವನನ್ನು ಮಾತ್ರ ‘ನಿನಗೇನು ಬಾರಿಸಬೇಕೆನ್ನಿಸುತ್ತದೆ’ ಎಂದು ಯಾರೂ ಕೇಳಲಿಲ್ಲ. ನೋಡಿ, ದೇವರು ಬೇರೆ ಬೇರೆಯಾದರೂ ಕಮಿಟಿಗಳ ಬುದ್ಧಿ ಒಂದೇ.

1993ರಲ್ಲಿ ಒಂದು ರಾತ್ರಿ ಗಣಪತಿ ಕಳಿಸಿ, ಹಲಗಿ ಗೋಡೆಗೆ ತೂಗುಹಾಕಿ, ಮಂದಿ ದಣಿದು ಮಲಗಿದ್ದರು. ಸೆಪ್ಟೆಂಬರ್ 30ರ ನಸುಕಿನಲ್ಲಿ, ನಾಲ್ಕಕ್ಕೆ ಇನ್ನೂ ಕೆಲವು ನಿಮಿಷವಿರುವಾಗ, ಕಿಲ್ಲಾರಿಯ ಭೂಕಂಪ. ಕಲ್ಲು ಮಣ್ಣಿನ ದಪ್ಪ ಗೋಡೆಗಳು ಮಲಗಿದವರ ಮೇಲೆ ಬಿದ್ದವು. ಸಾವಿರಾರು ಜನ ಹೋದರು. ದೊಡ್ಡ ವಾಡೆಯ ಗೋಡೆಯೇ ಹೆಚ್ಚು ದಪ್ಪ, ಹಾಗಾಗಿ ಗುಡಿಸಲಿನವರಿಗಿಂತ ವಾಡೆಯವರಿಗೆ ಅಪಾಯ ಹೆಚ್ಚು. ಒಂದು ಬೆಳಗಿನ ಮಟ್ಟಿಗೆ ಊರಿನಲ್ಲಿ ಮೇಲು ಕೆಳಗು ಇರಲಿಲ್ಲ. ನಮಗೆ ಬಹಳ ಗಾಬರಿಯಾಯಿತು. ಪುಣ್ಯಕ್ಕೆ ಸರಕಾರ ಬೇಗ ಸುಧಾರಿಸಿಕೊಂಡು ಐವತ್ತೆರಡು ಊರುಗಳನ್ನು ಹೊಸ ಜಾಗದಲ್ಲಿ ಕಟ್ಟಲು ಹೊರಟು, ಯಾರಿಗೆ ಎಷ್ಟು ಹೊಲವೋ ಅಷ್ಟು ದೊಡ್ಡ ಮನೆ ಎಂದು ಗೆರೆ ಎಳೆಯಿತು. ಹಲಗಿಯವನಿಗೆ ಹೊಲ ಎಲ್ಲಿಂದ ಬರಬೇಕು? ಎಲ್ಲ ಮೊದಲಿನಂತಾಯಿತು.

ಪುಣೆಯವರ ಕಥೆ ಬೇರೆ. ಅಲ್ಲಿ ಕಾಲೇಜು ಹುಡುಗ ಹುಡುಗಿಯರು, ಕಂಪನಿಯ ಕೆಲಸದವರು ಬಿಳಿ ಕುರ್ತಾ ಹಾಕಿ ಢೋಲ್–ತಾಶಾ ಪಥಕ ಕಟ್ಟುತ್ತಾರೆ. ಒಂದು ಪಥಕದಲ್ಲಿ ಮೂವತ್ತಕ್ಕಿಂತ ಹೆಚ್ಚು ಜನ ಬೇಡವೆಂದು 2024ರಲ್ಲಿ ಹಸಿರು ನ್ಯಾಯಮಂಡಳಿ ಹೇಳಿದ್ದೇ ತಡ, ಸುಪ್ರೀಂ ಕೋರ್ಟಿಗೆ ಓಡಿ ತಡೆಯಾಜ್ಞೆ ತಂದರು. ಢೋಲ್–ತಾಶಾ ಪುಣೆಯ ಹೃದಯ ಎಂಬ ಅರ್ಥದ ಮಾತು ಮುಖ್ಯ ನ್ಯಾಯಮೂರ್ತಿಗಳ ಬಾಯಲ್ಲೇ ಬಂತು. ಹಲಗಿ ಊರಿನ ಯಾವ ಅಂಗ ಎಂದು ಯಾವ ಪೀಠವೂ ಇನ್ನೂ ಹೇಳಿಲ್ಲ. ಅತ್ತ ಕರ್ನಾಟಕದಲ್ಲಿ ತಮಟೆ ಬಾರಿಸುವ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಕೊಟ್ಟುಬಿಟ್ಟರು. ದಿಲ್ಲಿಯವರು ಹೀಗೆ ಅರಮನೆಯ ಒಳಗೇ ಕರೆದು ಎದೆಗೆ ಪದಕ ಚುಚ್ಚಿದರೆ, ಮೆಟ್ಟಿಲ ಕೆಳಗೆ ನಿಲ್ಲು ಎಂದು ನಾವು ಯಾವ ಬಾಯಿಂದ ಹೇಳುವುದು?

ಈಗ ನಿಜವಾದ ಸಂಕಟಕ್ಕೆ ಬರುತ್ತೇನೆ. ನಮ್ಮ ಕಡೆಯ ಹುಡುಗರೂ ಈ ವರ್ಷ ಹಲಗಿ ಪಥಕ ಮಾಡಿದ್ದಾರೆ. ಎಲ್ಲರಿಗೂ ಒಂದೇ ಬಣ್ಣದ ಟೀ ಶರ್ಟು, ಬೆನ್ನ ಮೇಲೆ ಅವರದೇ ಹೆಸರು. ಮಂಡಳದ ಹೆಸರು ಹಾಕಿರೋ ಅಂದರೆ ಜಾಗ ಸಾಲುವುದಿಲ್ಲ ಕಾಕಾ ಅಂದರು. ಫೈಬರ್ ತೊಗಲಿನ ಹಲಗಿ ತಂದಿದ್ದಾರೆ, ಕಾಯಿಸುವ ರಗಳೆಯಿಲ್ಲ, ಮಳೆ ಬಂದರೂ ನಿಲ್ಲುವುದಿಲ್ಲ. ಸುಪಾರಿಯ ಮುಂಗಡ ಮೊದಲು, ಬಾರಿಸುವುದು ಆಮೇಲೆ. ಊಟ ಎಲ್ಲರ ಪಂಕ್ತಿಯಲ್ಲಿ. ಹೆಣದ ಮುಂದೆ ಬಾರಿಸುವುದಿಲ್ಲ. ಗುಡಿ ಮುಂದೆ ಬಾರಿಸಬೇಕಾದರೆ ಬಾರಿಸುವ ಮೊದಲು ಒಳಗೆ ಹೋಗಿ ಕೈ ಮುಗಿದು ಬರುತ್ತೇವೆ ಎನ್ನುತ್ತಾರೆ. ಭಕ್ತಿ ಇಷ್ಟು ಜೋರಾದರೆ ಧರ್ಮ ಉಳಿಯುವುದು ಹೇಗೆ?

ಇವರನ್ನು ಬಿಟ್ಟು ಡಾಲ್ಬಿ ಸ್ಪೀಕರು ತರೋಣವೆಂದು ಸಭೆ ಮಾಡಿದೆವು. ಬಾಡಿಗೆ ಕೇಳಿ ಖಜಾಂಚಿ ನೀರು ಕುಡಿದ. ಮೇಲೆ ರಾತ್ರಿ ಹತ್ತಕ್ಕೆ ಪೊಲೀಸರು ಬಂದು ವೈರು ಕೀಳುತ್ತಾರೆ. ಇವರ ಹತ್ತಿರವೇ ಮತ್ತೆ ಹೋದರೆ, ಆ ದಿನ ಉದಗೀರಿನಲ್ಲಿ ಮದುವೆ ಹಿಡಿದಿದ್ದೇವೆ, ನಿಲಂಗಾದವರೂ ಕೇಳುತ್ತಿದ್ದಾರೆ, ಬೇಗ ಹೇಳಿ ಅಂದರು. ಕೊನೆಗೆ ನಾನೇ ಎರಡು ಸಾವಿರ ಮುಂಗಡ ತೆಗೆದು ರೂಢಿಯಂತೆ ಮೇಲಿನಿಂದ ಹಾಕಲು ಹೋದೆ. ಹುಡುಗ ಕೈ ಒಡ್ಡಲೇ ಇಲ್ಲ. ‘ರೋಖ ಬೇಡ ಕಾಕಾ, ಫೋನ್‌ಪೇ ಮಾಡ್ರಿ’ ಎಂದು ಹಲಗಿ ತಿರುವಿದ. ಅದರ ಒಳಮೈಗೆ ಸ್ಕ್ಯಾನರ್ ಅಂಟಿಸಿದ್ದಾನೆ. ನನ್ನ ಹಳೆಯ ಫೋನಿನ ಕ್ಯಾಮೆರಾ ಮಂದ. ದೂರದಿಂದ ಹಿಡಿದರೆ ತಗೊಳ್ಳಲಿಲ್ಲ, ‘ಇನ್ನೂ ಹತ್ತಿರ ಬರ್ರಿ, ಇನ್ನೂ ಹತ್ತಿರ’ ಅಂದ. ಹೋದೆ, ಮೊಣಕಾಲು ಮಡಿಸಿ ಬಗ್ಗಿದೆ, ಮಂಡಳದವರೆಲ್ಲ ನೋಡುತ್ತಿದ್ದರು. ಹಣ ಹೋಯಿತು, ಹೆಂಗಸಿನ ದನಿಯಲ್ಲಿ ಅವನ ಫೋನ್‌ಪೇ ಡಬ್ಬಿ ಊರಿಗೆಲ್ಲ ಕೇಳುವಂತೆ ಲೆಕ್ಕ ಹೇಳಿತು.