ಪಾದರಕ್ಷಾ ಮೀಮಾಂಸೆ, ಅಥವಾ ಯಾವ ಉಡುಪಿಗೆ ಯಾವ ಮೆಟ್ಟು

ಅಲಂಕಾರಶಾಸ್ತ್ರ ಎಂದು ಹೆಸರಿಟ್ಟುಕೊಂಡು ನಮ್ಮ ಪಂಡಿತರು ಉಪಮೆ, ರೂಪಕ, ಉತ್ಪ್ರೇಕ್ಷೆಗಳ ಮೇಲೆ ಸಾವಿರ ವರ್ಷಕ್ಕೂ ಹೆಚ್ಚು ಕಾಲ ಕೂದಲು ಸೀಳಿದರು. ರೇಷ್ಮೆ ಪಂಚೆಗೆ ಚಪ್ಪಲಿಯೋ ಶೂವೋ ಎಂಬ ನಿಜವಾದ ಅಲಂಕಾರದ ಪ್ರಶ್ನೆ ಮಾತ್ರ ಅವರ ಕಣ್ಣಿಗೆ ಬೀಳಲಿಲ್ಲ. ಕಾವೇರಿಯಿಂದ ಗೋದಾವರಿಯವರೆಗೆ ನಾಡಿನ ಗಡಿ ಹೇಳಿದ ಕವಿರಾಜಮಾರ್ಗವೂ ಅಷ್ಟು ದೂರ ನಡೆಯುವವನು ಕಾಲಿಗೆ ಏನು ಮೆಟ್ಟಬೇಕೆಂದು ಹೇಳದೆ ಮುಂದೆ ಸಾಗಿದೆ. ಈ ಕೊರತೆ ನೀಗಲೆಂದು ಪ್ರಸ್ತುತ ಪ್ರಬಂಧ. ಕ್ಷೇತ್ರಕಾರ್ಯ ನಡೆದದ್ದು ಕಲ್ಯಾಣಮಂಟಪಗಳ ಬಾಗಿಲಲ್ಲಿ, ದೇವಸ್ಥಾನಗಳ ಚಪ್ಪಲಿ ಸ್ಟ್ಯಾಂಡಿನಲ್ಲಿ, ಗೃಹಪ್ರವೇಶದ ಮನೆಗಳ ಮೆಟ್ಟಿಲ ಮೇಲೆ. ಅನುದಾನ ಬರಲಿಲ್ಲ, ಊಟ ಸಿಕ್ಕಿತು.

ಪೂರ್ವಪಕ್ಷ

ಎದುರಾಳಿಯ ಮತವನ್ನು ಪೂರ್ತಿ ಹೇಳಿಸಿ ಆಮೇಲೆ ಕೆಡಹುವುದು ಶಾಸ್ತ್ರದ ಮರ್ಯಾದೆ. ಎದುರಾಳಿಗಳೆಂದರೆ ಇಲ್ಲಿ ಪಾಶ್ಚಾತ್ಯ ಬೂಟುವಾದಿಗಳು ಮತ್ತು ಅವರ ಬೆಂಗಳೂರು ಶಿಷ್ಯರು. ಅವರ ಪ್ರಕಾರ ಉಡುಪು ಮೊದಲು, ಮೆಟ್ಟು ಆಮೇಲೆ. ಬೆಲ್ಟಿನ ಚರ್ಮಕ್ಕೂ ಬೂಟಿನ ಚರ್ಮಕ್ಕೂ ಬಣ್ಣ ಕೂಡಿಬರಬೇಕು. ಕಪ್ಪು ಸೂಟಿಗೆ ಕಪ್ಪೇ. ನೇವಿ ಬ್ಲೂಗೆ ಕಂದೂ ಆದೀತು. ಆದರೆ ಲಂಡನ್ನಿನ ಹಳೇ ಬ್ಯಾಂಕರುಗಳ ಆಚಾರದಲ್ಲಿ ಪೇಟೆಯೊಳಗೆ ಕಂದು ಬೂಟು ಮೈಲಿಗೆ, ಅದೇನಿದ್ದರೂ ಹಳ್ಳಿಯ ಕಡೆಗೆ. ಮಡಿ ನಮ್ಮಲ್ಲಿ ಮಾತ್ರ ಇದೆ ಎಂದುಕೊಂಡವರು ಗಮನಿಸಬೇಕು.

ಬೂಟಿನೊಳಗೂ ಪಂಥಗಳಿವೆ. ಲೇಸು ಕಟ್ಟುವ ಎರಡು ಪಟ್ಟಿಗಳನ್ನು ಮುಂಭಾಗದ ಚರ್ಮದ ಕೆಳಗೆ ಸೇರಿಸಿ ಹೊಲಿದರೆ ಆಕ್ಸ್‌ಫರ್ಡ್, ಮೇಲೆ ಕೂರಿಸಿ ಹೊಲಿದರೆ ಡರ್ಬಿ. ಮೊದಲನೆಯದು ಸೂಟು, ಸಂದರ್ಶನ, ಸಭೆಗಳಿಗೆ. ಎರಡನೆಯದು ದಿನನಿತ್ಯದ ಪ್ಯಾಂಟಿಗೆ, ಮತ್ತು ಪಾದದ ಮೇಲ್ಭಾಗ ಎತ್ತರ ಇರುವವರಿಗೆ. ಒಂದು ಹೊಲಿಗೆ ಮೇಲೋ ಕೆಳಗೋ ಎಂಬುದರ ಮೇಲೆ ಎರಡು ಸಂಪ್ರದಾಯ ನಿಂತಿವೆಯಲ್ಲ ಎಂದು ನಗುವ ಹಾಗಿಲ್ಲ. ನಾಮ ಅಡ್ಡವೋ ಉದ್ದವೋ ಎಂದು ನಾವೂ ಶತಮಾನಗಟ್ಟಲೆ ವಾದಿಸಿದವರೇ. ಇನ್ನು ಬ್ರೋಗ್ ಎಂಬುದರ ಮೈತುಂಬ ತೂತಿನ ಚಿತ್ತಾರ. ಐರ್ಲೆಂಡ್, ಸ್ಕಾಟ್ಲೆಂಡಿನ ಜೌಗು ನೆಲದಲ್ಲಿ ಒಳಹೊಕ್ಕ ನೀರು ಹರಿದುಹೋಗಲೆಂದು ಹುಟ್ಟಿದ ತೂತುಗಳಂತೆ ಅವು. ಈಗ ಅವು ಆರಪಾರ ಇರುವುದಿಲ್ಲ, ಬರೀ ಅಂದಕ್ಕೆ. ಆಗಸ್ಟ್ ತಿಂಗಳ ಬೆಂಗಳೂರಿಗೆ ಬೇಕಾಗಿದ್ದದ್ದು ಹಳೇ ಮಾದರಿಯ ತೂತೇ ಎಂಬುದು ಪ್ರಬಂಧಕಾರನ ಸ್ವಂತ ಅಭಿಪ್ರಾಯ.

ಪೂರ್ವಪಕ್ಷದ ಅಳತೆಯ ವಿಷಯವನ್ನೂ ಹೇಳಿ ಮುಗಿಸುತ್ತೇನೆ. ಬ್ರಿಟಿಷ್ ಪದ್ಧತಿಯಲ್ಲಿ ಒಂದು ನಂಬರಿಗೂ ಮುಂದಿನ ನಂಬರಿಗೂ ಇರುವ ಅಂತರ ಒಂದು ಬಾರ್ಲಿ ಕಾಳಿನ ಉದ್ದ, ಅಂದರೆ ಇಂಚಿನ ಮೂರನೇ ಒಂದು ಭಾಗ. ರಾಗಿ ತಿಂದು ಬೆಳೆದ ಪಾದವನ್ನು ಬಾರ್ಲಿಯಲ್ಲಿ ಅಳೆದರೆ ಏನಾಗುತ್ತದೋ ಅದೇ ಆಗಿದೆ: ನಮ್ಮ ಪಾದ ಮುಂಭಾಗದಲ್ಲಿ ಅಗಲ, ಅವರ ಅಚ್ಚು ಅಲ್ಲಿ ಇಕ್ಕಟ್ಟು. ಕಿರುಬೆರಳು ಒಪ್ಪುವುದಿಲ್ಲವೆಂದು ಒಂದು ನಂಬರು ದೊಡ್ಡದು ಕೊಳ್ಳುತ್ತೇವೆ, ಆಮೇಲೆ ಹಿಮ್ಮಡಿ ಕಳಚದಿರಲಿ ಎಂದು ಲೇಸನ್ನು ಬಿಗಿಯುತ್ತೇವೆ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ 2021ರ ಡಿಸೆಂಬರಿನಿಂದ 2022ರ ಮಾರ್ಚ್‌ವರೆಗೆ ದೇಶದ 79 ಕಡೆ ಲಕ್ಷಕ್ಕೂ ಹೆಚ್ಚು ಜನರ ಪಾದ ಅಳೆಸಿ, ‘ಭಾ’ ಎಂಬ ಸ್ವದೇಶಿ ಅಳತೆಯನ್ನು ಮುಂದಿಟ್ಟಿದೆ. ಅದು ಅಂಗಡಿಗೆ ಬರುವವರೆಗೆ ಸಂಜೆ ಹೊತ್ತು ಶೂ ಕೊಳ್ಳುವುದು ಕ್ಷೇಮ. ದಿನವಿಡೀ ನಿಂತು ನಡೆದ ಪಾದ ಆಗ ಸ್ವಲ್ಪ ಊದಿಕೊಂಡಿರುತ್ತದೆ, ಸುಳ್ಳು ಹೇಳುವುದಿಲ್ಲ.

ಸಿದ್ಧಾಂತ

ಮೇಲಿನ ಶಾಸ್ತ್ರವೆಲ್ಲ ಒಂದು ಗುಟ್ಟಿನ ನಂಬಿಕೆಯ ಮೇಲೆ ನಿಂತಿದೆ. ಮೆಟ್ಟಿಕೊಂಡು ಹೊರಟದ್ದು ಸಮಾರಂಭ ಮುಗಿಯುವ ತನಕ ಕಾಲಲ್ಲೇ ಇರುತ್ತದೆ ಎಂಬುದೇ ಆ ನಂಬಿಕೆ. ನಮ್ಮಲ್ಲಿ ಸಮಾರಂಭ ಶುರುವಾಗುವುದೇ ಅದನ್ನು ಬಿಡುವುದರಿಂದ. ಆದ್ದರಿಂದ ಪ್ರಬಂಧದ ಸೂತ್ರ ಇದು: ಉಡುಪು ಮೆಟ್ಟನ್ನು ನಿರ್ಣಯಿಸುವುದಿಲ್ಲ, ಬಿಡುವ ಜಾಗ ನಿರ್ಣಯಿಸುತ್ತದೆ.

ಪ್ರಮಾಣ ಕೇಳುವವರಿಗೆ ಮೊದಲು ರಾಮಾಯಣ. ನಾರುಮಡಿ ಉಟ್ಟಿದ್ದ ರಾಮ ಚಿತ್ರಕೂಟದಲ್ಲಿ ಮೆಟ್ಟಿ ಇಳಿದದ್ದು ಚಿನ್ನದ ಅಲಂಕಾರವಿದ್ದ ಪಾದುಕೆಗಳನ್ನು. ಬೂಟುವಾದಿಗಳ ಲೆಕ್ಕದಲ್ಲಿ ಇದಕ್ಕಿಂತ ದೊಡ್ಡ ಅಪಜೋಡಿ ಇನ್ನೊಂದಿಲ್ಲ. ಆದರೆ ಅವು ಬಿಡಲೆಂದೇ ಬಂದ ಪಾದುಕೆಗಳು. ಬಿಟ್ಟ ಮೇಲೆ 14 ವರ್ಷ ರಾಜ್ಯವಾಳಿದವು. ಯಾವ ಉಡುಪಿಗೂ ಹೊಂದದೆ ಇಷ್ಟು ಎತ್ತರಕ್ಕೆ ಏರಿದ ಪಾದರಕ್ಷೆ ಇತಿಹಾಸದಲ್ಲಾಗಲಿ ಪುರಾಣದಲ್ಲಾಗಲಿ ಬೇರೆ ಕಾಣೆ.

ಎರಡನೆಯದು ಬರ್ಮಾ. ಮಾಂಡಲೆಯ ಅರಮನೆಯಲ್ಲಿ ದೊರೆಯನ್ನು ಕಾಣಲು ಹೋದವರು ಬೂಟು ಕಳಚಬೇಕಿತ್ತು, ಬ್ರಿಟಿಷ್ ರಾಯಭಾರಿಯೂ ಸೇರಿ. 1875ರಲ್ಲಿ ಹೋಗಿಬಂದ ಡಗ್ಲಸ್ ಫೋರ್ಸಿತ್ ಇದಕ್ಕೆ ತಕರಾರು ತೆಗೆದ. ಇನ್ನು ಮುಂದೆ ನಮ್ಮವರು ಕಳಚಕೂಡದು ಎಂದು ಭಾರತ ಸರ್ಕಾರ ಹಟ ಹಿಡಿಯಿತು, ಕಳಚದವರಿಗೆ ದರ್ಶನವಿಲ್ಲ ಎಂದು ಮಿಂಡನ್ ದೊರೆಯೂ ಪಟ್ಟು ಬಿಡಲಿಲ್ಲ, ರಾಜದರ್ಶನವೇ ನಿಂತುಹೋಯಿತು. ಎರಡು ಸರ್ಕಾರಗಳ ನಡುವಿನ ಮಾತುಕತೆ ಲೇಸಿನಲ್ಲಿ ಸಿಕ್ಕಿಬಿದ್ದ ಈ ಪ್ರಸಂಗದಲ್ಲಿ ಯಾರಾದರೂ ಒಬ್ಬರು ಲೋಫರ್ ಹಾಕಿಕೊಂಡು ಹೋಗಿದ್ದರೆ ಎಂದು ಪ್ರಬಂಧಕಾರ ಆಗಾಗ ಯೋಚಿಸುವುದುಂಟು.

ಮೂರನೆಯದು ಮನೆಯ ಸಾಕ್ಷಿ: ಕಾಶೀಯಾತ್ರೆ. ಕಚ್ಚೆಪಂಚೆ, ಶಲ್ಯ, ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಕೋಲು, ಕಾಲಿಗೆ ಹೊಚ್ಚಹೊಸ ಮೆಟ್ಟು. ಬ್ರಹ್ಮಚಾರಿ ವರ ಕಾಶಿಗೆ ಹೊರಟು ಮಂಟಪದ ಗೇಟು ತಲುಪುವಷ್ಟರಲ್ಲಿ ಮಾವ ಬಂದು, ಮಗಳನ್ನು ಕೊಡುತ್ತೇನೆ ವಾಪಸು ಬಾ ಎನ್ನುತ್ತಾನೆ. ಅಲ್ಲಿಗೆ ಯಾತ್ರೆ ಮುಗಿಯಿತು, ಮೆಟ್ಟು ಬಿಡುವ ಹೊತ್ತು ಬಂತು. ಹಸೆಮಣೆಗೆ ಅದು ಬರುವಂತಿಲ್ಲ. ಇತ್ತೀಚೆಗೆ ಇದಕ್ಕೆ ಬಿಳೀ ಸ್ನೀಕರ್ಸ್ ಹಾಕುವ ವರಗಳಿದ್ದಾರೆ. ಕಾಶಿಯವರೆಗೆ ನಡೆಯುವ ಉದ್ದೇಶವಿದ್ದರೆ ಅದು ಸರಿಯಾದ ಆಯ್ಕೆಯೇ. ಆದರೆ ಲೇಸು ಬಿಚ್ಚಲು ಬಗ್ಗಿದವನ ಪೇಟ ಉರುಳಿ, ಪುರೋಹಿತರು ಮುಹೂರ್ತ ಮೀರುತ್ತದೆ ಎಂದು ಗದರಿಸುವಾಗ ಸೂತ್ರದ ಅರ್ಥ ಸ್ಪಷ್ಟವಾಗುತ್ತದೆ.

ಪ್ರಯೋಗ

ಮೊದಲು ದೇವಸ್ಥಾನ. ಇಲ್ಲಿ ಮೆಟ್ಟಿನ ಬೆಲೆ ಮತ್ತು ಭಕ್ತಿಯ ಏಕಾಗ್ರತೆ ಒಂದಕ್ಕೊಂದು ವಿರುದ್ಧ ದಿಕ್ಕಿನಲ್ಲಿ ಚಲಿಸುತ್ತವೆ. ಹೊಸ ಚಪ್ಪಲಿ ಬಿಟ್ಟು ಒಳಗೆ ಹೋದವನು ಮಂಗಳಾರತಿ ಹೊತ್ತಿನಲ್ಲೂ ಬಾಗಿಲಿನ ಕಡೆಗೇ ಮುಖ ಮಾಡಿ ನಿಂತಿರುತ್ತಾನೆ. ಅನುಭವಸ್ಥರು ಎಡಗಾಲಿನದನ್ನು ಕಂಬದ ಈಚೆ, ಬಲಗಾಲಿನದನ್ನು ಹತ್ತು ಮಾರು ಆಚೆ ಇನ್ನೊಂದು ರಾಶಿಯಲ್ಲಿ ಬಿಡುತ್ತಾರೆ. ಕಳ್ಳನಿಗೆ ಜೋಡಿ ಹುಡುಕುವ ತಾಳ್ಮೆ ಇರುವುದಿಲ್ಲ ಎಂಬುದು ಇದರ ಹಿಂದಿನ ಮನಶ್ಶಾಸ್ತ್ರ. ಎಲ್ಲಕ್ಕಿಂತ ನಿಶ್ಚಿಂತೆ ಬೇಕಾದವರಿಗೆ ಉಂಗುಟ ಕಿತ್ತು, ಅಟ್ಟೆಯ ಕೆಳಗೆ ಸೇಫ್ಟಿ ಪಿನ್ನು ಚುಚ್ಚಿ ನಿಲ್ಲಿಸಿದ ನೀಲಿ ಬಾರಿನ ಹವಾಯಿ ಇದೆ. ಪಿನ್ನು ಚುಚ್ಚಿದ ಹವಾಯಿಯನ್ನು ಕದ್ದವರನ್ನು ಈ ಸಂಶೋಧನೆಯಲ್ಲಿ ಎಲ್ಲಿಯೂ ಕಾಣಲಿಲ್ಲ. ಅದಕ್ಕೆ ಮೈಸೂರು ರೇಷ್ಮೆ ಹೊಂದುತ್ತದೆಯೇ ಎಂಬ ಪ್ರಶ್ನೆ ಅಪ್ರಸ್ತುತ. ಒಳಗೆ ರೇಷ್ಮೆ ಇದೆ, ಹೊರಗೆ ಹವಾಯಿ ಇದೆ, ಎರಡೂ ಮುಖಾಮುಖಿಯಾಗುವುದು ಆಟೋ ಹತ್ತುವಾಗ ಮಾತ್ರ.

ಸತ್ಯನಾರಾಯಣ ಪೂಜೆಗೆ ಆಫೀಸಿನಿಂದ ನೇರ ಬಂದವರ ಸಂಕಟ ಬೇರೆ. ಪ್ಯಾಂಟಿಗೆ ಬೆಲ್ಟು, ಬೆಲ್ಟಿಗೆ ಬೂಟು ಎಲ್ಲ ಶಾಸ್ತ್ರೋಕ್ತ. ಬೂಟು ಹೊಸಿಲಾಚೆ ಉಳಿಯಿತು. ಈಗ ಬೆಲ್ಟಿಗೆ ಜೋಡಿಯಾಗಿ ಒಳಗೆ ಬಂದದ್ದು ಯಾವುದು? ಕಾಲುಚೀಲ. ನಲವತ್ತು ಜನರ ನಡುವೆ ಜಮಖಾನದ ಮೇಲೆ ಕಾಲು ಮಡಿಸಿ ಕೂತಾಗ ಹೆಬ್ಬೆರಳಿನ ತುದಿ ಹೊರಗೆ ಇಣುಕಿ ಪ್ರಸಾದ ಕೇಳುತ್ತಿರುತ್ತದೆ. ಹೀಗಾಗಿ ಕನ್ನಡನಾಡಿನಲ್ಲಿ ಸೂಟಿಗೆ ಒಪ್ಪಬೇಕಾದದ್ದು ಬೂಟಲ್ಲ, ಕಾಲುಚೀಲ. ಬೂಟಿಗೆ ಐದು ಸಾವಿರ ಸುರಿದು ಕಾಲುಚೀಲವನ್ನು ಸಿಗ್ನಲ್ಲಿನಲ್ಲಿ ನೂರಕ್ಕೆ ಮೂರು ಜೊತೆ ಕೊಳ್ಳುವವರು ಖರ್ಚಿನ ದಿಕ್ಕನ್ನೇ ತಪ್ಪಿಸಿಕೊಂಡಿದ್ದಾರೆ.

ಸೀರೆಯ ಪ್ರಕರಣ ಇದಕ್ಕಿಂತ ಜಟಿಲ, ಮತ್ತು ಇಲ್ಲಿ ಎರಡು ಶಾಸ್ತ್ರಗಳು ನೇರವಾಗಿ ಡಿಕ್ಕಿ ಹೊಡೆಯುತ್ತವೆ. ಉಡಿಸುವವರು ಹೇಳುವುದು: ಮೊದಲು ಹೀಲ್ಸ್ ಮೆಟ್ಟಿ ನಿಲ್ಲು, ಆಮೇಲೆ ನೆರಿಗೆ. ಬರಿಗಾಲಲ್ಲಿ ಉಟ್ಟು ಆಮೇಲೆ ಮೂರಿಂಚು ಮೇಲೇರಿದರೆ ಅಂಚು ಕಣಕಾಲಿಗೆ ಬಂದು, ಮಳೆನೀರು ದಾಟುವವಳಂತೆ ಕಾಣುತ್ತದೆ. ಮನೆಯ ಹಿರಿಯರು ಹೇಳುವುದು: ದೇವರ ಮನೆಯ ಪಕ್ಕದ ಕೋಣೆಯಲ್ಲಿ ಚಪ್ಪಲಿಯೇ? ಇದರಿಂದ ಹುಟ್ಟಿದ್ದೇ ‘ಇನ್ನೂ ಹೊರಗೆ ಮೆಟ್ಟಿಲ್ಲ, ಹೊಸದು’ ಎಂಬ ರಾಜಿಸೂತ್ರ. ಅದೇ ಸೀರೆಯಲ್ಲಿ ಮುಹೂರ್ತಕ್ಕೆ ಬರಿಗಾಲು, ಸಂಜೆ ಆರತಕ್ಷತೆಗೆ ಹೀಲ್ಸ್ ಎಂದರೆ ಒಂದು ಹೊತ್ತಿಗೆ ಸೀರೆ ನೆಲ ಗುಡಿಸಬೇಕು, ಇಲ್ಲವೇ ಇನ್ನೊಂದು ಹೊತ್ತಿಗೆ ಗಿಡ್ಡವಾಗಬೇಕು. ಆರತಕ್ಷತೆಗೆ ಬೇರೆ ಸೀರೆ ಬೇಕೆಂಬ ವಾದಕ್ಕೆ ಈ ಪ್ರಬಂಧ ಮೊದಲ ಬಾರಿಗೆ ವೈಜ್ಞಾನಿಕ ಆಧಾರ ಒದಗಿಸುತ್ತಿದೆ. ಗಂಡಿನ ಕಡೆಯವರು ಮನ್ನಿಸಬೇಕು.

ಕಾಲುಂಗುರದ ಮಾತೂ ಇಲ್ಲೇ ಬರಬೇಕು. ಮದುವೆಯ ಮರುದಿನದಿಂದ ಎರಡನೇ ಬೆರಳಿನಲ್ಲಿ ಬೆಳ್ಳಿ ಕೂತಿರುತ್ತದೆ. ಮೂತಿ ಚೂಪಾದ ಮುಚ್ಚುಶೂ ಹಾಕಿದರೆ ಅದು ಪಕ್ಕದ ಬೆರಳನ್ನು ಕೊರೆಯುತ್ತದೆ, ಸಂಜೆಗೆ ಕೆಂಪು ಗೀರು. ಬೆಳಗಿನ ಮೆಟ್ರೋದಲ್ಲಿ ಚೂಡಿದಾರಿಗೆ ಅಗಲ ಮೂತಿಯ ಸ್ನೀಕರ್ಸ್ ಹಾಕಿದವರು ಫ್ಯಾಷನ್ ಅನುಸರಿಸುತ್ತಿದ್ದಾರೆಂದು ಪೂರ್ವಪಕ್ಷಿಗಳು ಬರೆಯುತ್ತಾರೆ. ಬಹಳ ಮಂದಿ ಕಾಲುಂಗುರವನ್ನು ಅನುಸರಿಸುತ್ತಿದ್ದಾರೆ.

ಎಲ್ಲ ಉಡುಪಿಗೂ ಒಪ್ಪುವ, ಬಗ್ಗದೆ ಬಿಡಬಹುದಾದ, ಬೆರಳಿಗೆ ಗಾಳಿ ಕೊಡುವ ಮೆಟ್ಟು ಇಲ್ಲವೇ ಎಂದರೆ, ಇದೆ. ಅಥಣಿಯಲ್ಲಿ ಮಾಡುತ್ತಾರೆ, ಕೊಲ್ಹಾಪುರಿ ಎಂದು ಮಾರುತ್ತಾರೆ. ಗಿಡಮರದ ತೊಗಟೆ, ಕಾಯಿಗಳಿಂದ ಹದ ಮಾಡಿದ ಚರ್ಮ, ಚರ್ಮದ್ದೇ ದಾರದ ಹೊಲಿಗೆ, ಮೊಳೆಯಿಲ್ಲ. ಪಂಚೆ, ಜುಬ್ಬ, ಜೀನ್ಸ್, ಇಳಕಲ್ ಸೀರೆ ಯಾವುದಕ್ಕೂ ಜಗಳವಿಲ್ಲ. ಬಣ್ಣ ಜೇನಿನದು, ಹಳತಾದಷ್ಟೂ ಗಾಢ. 2019ರಲ್ಲಿ ಸಿಕ್ಕ ಜಿಐ ಮಾನ್ಯತೆಯಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರವೂ ಇವೆ. ಮೊದಲ ವಾರ ಹೆಬ್ಬೆರಳ ಸಂದಿ ಕಚ್ಚುತ್ತದೆ. ಎಣ್ಣೆ ಸವರಿ ಇಟ್ಟರೆ ಮೆತ್ತಗಾಗಿ ಪಾದದ ಅಚ್ಚನ್ನೇ ತೆಗೆದುಕೊಳ್ಳುತ್ತದೆ. ಮಳೆಗೆ ಮಾತ್ರ ಆಗದು. ಜೂನ್ ಬಂತೆಂದರೆ ಅದನ್ನು ಗೂಟಕ್ಕೆ ತೂಗುಹಾಕಿ ಪ್ಲಾಸ್ಟಿಕ್ಕಿಗೆ ಇಳಿಯಬೇಕು. ಇದನ್ನು ತಲೆಮಾರುಗಳಿಂದ ಮಾಡಿಕೊಂಡು ಬಂದ ಸಮಗಾರರನ್ನು ಊರು ಎಲ್ಲಿ ನಿಲ್ಲಿಸಿತ್ತು ಎಂಬುದೂ ಬಿಡುವ ಜಾಗದ ಅಧ್ಯಾಯವೇ. ಚಪ್ಪಲಿಯ ಜೊತೆ ಮಾಡಿದವರನ್ನೂ ಹೊಸಿಲಾಚೆ ಬಿಟ್ಟ ಶಾಸ್ತ್ರವದು. ಅದರ ಅಣಕಕ್ಕೆ ಈ ಪ್ರಬಂಧಕಾರನ ಕೈ ಬರುವುದಿಲ್ಲ.

2025ರ ಜೂನ್‌ನಲ್ಲಿ ಮಿಲಾನಿನ ಪುರುಷರ ಫ್ಯಾಷನ್ ಷೋನಲ್ಲಿ ಪ್ರಾಡಾ ಕಂಪನಿ ಇದೇ ಉಂಗುಟದ ಚಪ್ಪಲಿಯನ್ನು ಮೆರೆಸಿತು, ಊರಿನ ಹೆಸರೆತ್ತಲಿಲ್ಲ. ಗಲಾಟೆಯಾಯಿತು, ಮೂಲ ಒಪ್ಪಿಕೊಂಡಿತು, ವರ್ಷದ ಕೊನೆಗೆ ಎರಡೂ ರಾಜ್ಯಗಳ ಚರ್ಮೋದ್ಯಮ ನಿಗಮಗಳೊಂದಿಗೆ ಒಪ್ಪಂದವೂ ಆಯಿತು. 2,000 ಜೋಡಿ, ಜೋಡಿಗೆ ಸುಮಾರು 800 ಯೂರೋ. ಕುಶಲಕರ್ಮಿಗೆ ಅದರಲ್ಲಿ ಒಳ್ಳೆಯ ಪಾಲು ಬಂದರೆ ಸಂತೋಷ. ಆದರೆ ನಮ್ಮ ಸಿದ್ಧಾಂತದ ಪ್ರಕಾರ ಆ ಚಪ್ಪಲಿ ಯಾವ ಉಡುಪಿಗೂ ಹೊಂದುವುದಿಲ್ಲ, ಏಕೆಂದರೆ 800 ಯೂರೋ ಬಿಟ್ಟು ಒಳಗೆ ಹೋಗಬಹುದಾದ ದೇವಸ್ಥಾನ, ಮಂಟಪ, ನೆಂಟರ ಮನೆ ಯಾವುದೂ ಇಲ್ಲ. ಕೈಚೀಲದಲ್ಲಿ ಹಾಕಿಕೊಂಡು ಒಳಗೆ ಒಯ್ಯಬಹುದು. ಆಗ ಅದು ಕೈಚೀಲಕ್ಕೆ ಹೊಂದಬೇಕು.

ಆಕ್ಷೇಪ, ಸಮಾಧಾನ

‘ಹಾಗಾದರೆ ವ್ಯಕ್ತಿತ್ವಕ್ಕೆ ಬೆಲೆಯಿಲ್ಲವೇ?’ ಎಂದು ಮೌಖಿಕ ಪರೀಕ್ಷೆಯಲ್ಲಿ ಕೇಳಿದರು. ಇದೆ. ಬೆಳಗ್ಗೆ ಲಾಲ್‌ಬಾಗಿನಲ್ಲಿ ಮಂಕಿ ಕ್ಯಾಪು, ಸ್ವೆಟರು, ಪಂಚೆ, ಅದರ ಕೆಳಗೆ ಅಮೆರಿಕದ ಮಗ ತಂದುಕೊಟ್ಟ ಕಿತ್ತಳೆ ಬಣ್ಣದ ರನ್ನಿಂಗ್ ಶೂ ಹಾಕಿ ನಡೆಯುವ ನಿವೃತ್ತರಿಗಿಂತ ಖಚಿತವಾದ ಸ್ವಂತ ಶೈಲಿ ಯಾರಿಗಿದೆ? ಅವರು ಅದನ್ನು ಎಲ್ಲಿಯೂ ಬಿಡಬೇಕಾಗಿಲ್ಲ. ಮೂರು ಸುತ್ತು ಹೊಡೆದು, ಮರಳಿ ಮನೆಗೇ ಬರುತ್ತಾರೆ. ಇದು ಸೂತ್ರಕ್ಕೆ ಅಪವಾದವಲ್ಲ, ಅದರ ಪುರಾವೆ.

ಪರೀಕ್ಷಕರು ತಲೆಯಾಡಿಸಿ ಕೊನೆಯದಾಗಿ ಕೇಳಿದ್ದು, ಈ ಹೊಸ ರೇಷ್ಮೆ ಜುಬ್ಬಕ್ಕೆ ನೀವು ಇವತ್ತು ಏನು ಮೆಟ್ಟಿಕೊಂಡು ಬಂದಿದ್ದೀರಿ ಎಂದು. ಕೊಠಡಿಗೆ ಕಾರ್ಪೆಟ್ ಹಾಸಿತ್ತು. ಎಲ್ಲರೂ ಬಾಗಿಲಲ್ಲೇ ಬಿಟ್ಟು ಬಂದಿದ್ದೆವು. ಸಾಕ್ಷ್ಯ ಹೊರಗಿದೆ, ಹೋಗುವಾಗ ಪರಿಶೀಲಿಸಬಹುದು, ಅಷ್ಟರೊಳಗೆ ಬೇರೆ ಯಾರೂ ಪರಿಶೀಲಿಸಿರದಿದ್ದರೆ ಎಂದು ಉತ್ತರಿಸಿದೆ. ಪರೀಕ್ಷಕರು ಅಂಕಪಟ್ಟಿ ಅಲ್ಲೇ ಬಿಟ್ಟು ತಮ್ಮದನ್ನು ನೋಡಿಕೊಳ್ಳಲು ಎದ್ದು ಹೋದರು.