ಕಾಡಿಗೆ ಬರುವುದಾದರೆ ಬುಕಿಂಗ್ ಮಾಡಿ ಬನ್ನಿ

ನಾಗರಹೊಳೆಯ ಜೇನುಕುರುಬರಿಗೆ ಒಂದು ಬಿಟ್ಟಿ ಸಲಹೆ: ಕಾಡಿನೊಳಗೆ ಇರುವ ಆಸೆಯಿದ್ದರೆ ಅರಣ್ಯ ಹಕ್ಕಿಗೆ ಅರ್ಜಿ ಹಾಕುವುದನ್ನು ಬಿಡಿ. ರೂಮ್ ಬುಕ್ ಮಾಡಿ.

ಪ್ರವಾಸಿ ಆಧಾರ್ ಕಾರ್ಡ್ ತೋರಿಸಿದರೆ ಸಾಕು, ಕಾಡಂಚಿನ ರೆಸಾರ್ಟಿನ ಗೇಟು ತೆರೆಯುತ್ತದೆ. ಹಣೆಗೆ ಕುಂಕುಮ, ಕೈಗೆ ತಂಪು ಪಾನೀಯ. ನಿನ್ನ ಅಜ್ಜ ಇಲ್ಲಿದ್ದನೇ ಎಂದು ಯಾರೂ ಕೇಳುವುದಿಲ್ಲ. ನೀವಾದರೋ 2005ರ ಡಿಸೆಂಬರ್ 13ಕ್ಕೂ ಮೊದಲು ಅಲ್ಲೇ ಇದ್ದಿರೆಂದು ರುಜುವಾತು ಮಾಡಬೇಕು. ಅದಕ್ಕೂ ಮೊದಲೇ ನಿಮ್ಮನ್ನು ಆಚೆ ಹಾಕಿದ್ದರೆ? ಹಾಗೆ ಅಕ್ರಮವಾಗಿ ಒಕ್ಕಲೆಬ್ಬಿಸಲಾದವರಿಗೂ ಹಕ್ಕಿದೆ ಎಂದು 2006ರ ಅರಣ್ಯ ಹಕ್ಕು ಕಾಯ್ದೆಯೇ ಹೇಳುತ್ತದೆ. ಆದರೆ ಕಾಯ್ದೆಯನ್ನು ಅಷ್ಟು ಒಳಗಿನ ಪುಟದವರೆಗೆ ಓದಲು ಕಚೇರಿಗಳಿಗೆ ಪುರುಸೊತ್ತೆಲ್ಲಿ?

2025ರ ಮೇ ತಿಂಗಳಲ್ಲಿ 52 ಜೇನುಕುರುಬ ಕುಟುಂಬಗಳು ನಾಗರಹೊಳೆ ಕಾಡಿನೊಳಗಿನ ಕರಡಿಕಲ್ಲು ಅತ್ತೂರುಕೊಲ್ಲಿಗೆ ಮರಳಿ ಹೋದವು. ಅಲ್ಲಿ ಅವರ ಹಿರಿಯರ ಸಮಾಧಿಗಳಿವೆ, ದೇವರ ಬನಗಳಿವೆ. ಪ್ಲಾಸ್ಟಿಕ್ ಹೊದಿಸಿ ಗುಡಿಸಲು ಹಾಕಿಕೊಂಡದ್ದೇ ತಡ, ಅರಣ್ಯ ಸಿಬ್ಬಂದಿಯೂ ಪೊಲೀಸರೂ ಹಾಜರು. ತಪ್ಪು ಆದಿವಾಸಿಗಳದೇ. ಸೌದೆ ಹೊತ್ತು ಬಂದರು, ಟ್ರಾಲಿ ಬ್ಯಾಗ್ ಎಳೆದುಕೊಂಡು ಬರಲಿಲ್ಲ. ಅದೇ ಪ್ಲಾಸ್ಟಿಕ್ಕಿಗೆ ಗ್ಲ್ಯಾಂಪಿಂಗ್ ಎಂದು ಹೆಸರಿಟ್ಟಿದ್ದರೆ ಉದ್ಘಾಟನೆಗೆ ಮಂತ್ರಿಗಳೇ ಬರುತ್ತಿದ್ದರು. ಕಾಡಿನೊಳಗೆ ಜೀಪು ಓಡಿದರೆ ಪರಿಸರ ಪ್ರವಾಸೋದ್ಯಮ, ಒಲೆ ಹೊತ್ತಿದರೆ ಅತಿಕ್ರಮಣ: ಇಷ್ಟು ಸರಳ ವ್ಯಾಕರಣ ತಲೆಗೆ ಹೋಗದಿದ್ದರೆ ಹೇಗೆ?

ಈ ವ್ಯಾಕರಣ ಹೊಸದೇನಲ್ಲ. 1990ರ ದಶಕದಲ್ಲಿ ಇದೇ ನಾಗರಹೊಳೆಯ ಮೂರ್ಕಲ್‌ನಲ್ಲಿ ರೆಸಾರ್ಟ್ ನಡೆಸಲು ದೊಡ್ಡ ಹೋಟೆಲ್ ಕಂಪನಿಯೊಂದಕ್ಕೆ ಕಾಡಿನ ಜಾಗ ಗುತ್ತಿಗೆಗೆ ಹೋಗಿತ್ತು. ಹುಲಿಗೆ ತೊಂದರೆ ಎಂದು ಆದಿವಾಸಿಗಳನ್ನು ಸಾಗಹಾಕುತ್ತಿದ್ದ ಕಾಲದಲ್ಲೇ! ಹೋಟೆಲಿನ ಅತಿಥಿಗಳನ್ನು ಕಂಡರೆ ಹುಲಿಗೆ ಸಂಕೋಚವಿರಲಿಲ್ಲವೇನೋ. ಆದಿವಾಸಿಗಳು ಬೀದಿಗಿಳಿದರು, ಕೋರ್ಟಿಗೂ ಹೋದರು. 1997ರಲ್ಲಿ ಹೈಕೋರ್ಟ್ ಆ ಗುತ್ತಿಗೆಯನ್ನು ಕಾನೂನುಬಾಹಿರ ಎಂದಿತು.

ಅಂದಿನಿಂದ ಉದ್ಯಮ ಪಾಠ ಕಲಿತಿದೆ. ಈಗ ಎಲ್ಲರನ್ನೂ ಒಳಗೊಳ್ಳುತ್ತದೆ. ಆದಿವಾಸಿಯ ಜೇನು ಬುಫೆಯಲ್ಲಿದೆ, ಬಿದಿರು ಛಾವಣಿಯಲ್ಲಿದೆ, ಆತನ ಊರಿನ ‘ಹಾಡಿ’ ಎಂಬ ಹೆಸರು ಬೋರ್ಡಿನಲ್ಲಿದೆ. ಕ್ಯಾಂಪ್‌ಫೈರ್ ಸುತ್ತ ಆತನ ಕುಣಿತವೂ ಇದೆ, ಊಟಕ್ಕೆ ಮುಂಚೆ ಅರ್ಧ ಗಂಟೆ. ಕುಣಿತ ಮುಗಿದ ಮೇಲೆ ಆತ ಹೋಗುವ, ಕಾಫಿ ತೋಟದ ಕೂಲಿಯವರ ಲೈನ್‌ಮನೆ ಮಾತ್ರ ಪ್ಯಾಕೇಜಿನಲ್ಲಿಲ್ಲ. ಶೌಚಾಲಯವಿಲ್ಲದ ಅನುಭವಕ್ಕೆ ಅತಿಥಿಗಳು ಇನ್ನೂ ತಯಾರಾಗಿಲ್ಲ. ಆ ಲೈನ್‌ಮನೆ ಬೇಡ ಎಂದವರ ಕಥೆ ಗೊತ್ತೇ ಇದೆ. 2016ರ ಡಿಸೆಂಬರಿನಲ್ಲಿ ಕೊಡಗಿನ ದಿಡ್ಡಳ್ಳಿಯಲ್ಲಿ ಅಂಥ 577 ಆದಿವಾಸಿ ಕುಟುಂಬಗಳ ಗುಡಿಸಲುಗಳನ್ನು ನೆಲಸಮ ಮಾಡಲಾಯಿತು. ಅದು ಕೊಡಗಿನ ಚಳಿಗಾಲ, ಪ್ರವಾಸಿಗರ ಭರ್ತಿ ಸೀಸನ್.

ಬುಕಿಂಗಿಗೆ ದುಡ್ಡೆಲ್ಲಿ ಎನ್ನುತ್ತೀರಾ? ಕಾಫಿ ಕೊಯ್ಯಿರಿ. ಕೊಯ್ಯುತ್ತಲೇ ಇರಿ. ಒಂದಲ್ಲ ಒಂದು ಸೀಸನ್ನಿನ ಕೊನೆಗೆ, ನಿಮ್ಮಜ್ಜ ಜೇನು ಇಳಿಸಿದ ಮರದೆದುರಿನ ಕಾಟೇಜಿನಲ್ಲಿ ಒಂದು ರಾತ್ರಿ ಕಳೆಯುವಷ್ಟು ಕೂಡಿಬಂದೀತು. ಜಿಎಸ್‌ಟಿ ಪ್ರತ್ಯೇಕ.

ಇನ್ನು ಉಳಿದದ್ದು ಸಮಾಲೋಚನೆ. ಸ್ಥಳೀಯರ ಅಭಿಪ್ರಾಯ ಪಡೆಯದೆ ಸುಸ್ಥಿರ ಪ್ರವಾಸೋದ್ಯಮದ ವರದಿ ಪೂರ್ತಿಯಾಗುವುದಿಲ್ಲವಂತೆ. ಅದಕ್ಕಾಗಿ ಸಭೆ ಕರೆದು ಗೋಡಂಬಿ ಹಂಚುವ ಖರ್ಚು ಏಕೆ? ಪ್ರತಿ ಮೇ ತಿಂಗಳಲ್ಲಿ ಕೊಡಗಿನ ದೇವರಪುರದಲ್ಲಿ ಆದಿವಾಸಿಗಳ ಕುಂಡೆ ಹಬ್ಬ ನಡೆಯುತ್ತದೆ. ಗಂಡಸರು ಹೆಣ್ಣುವೇಷ ಹಾಕಿ, ಸೋರೆಬುರುಡೆ, ಡಬ್ಬ ಬಡಿಯುತ್ತ, ತೋಟದ ಧಣಿಯಿಂದ ಹಿಡಿದು ದೇವರವರೆಗೆ ಸಕಲರನ್ನೂ ಬಾಯಿಗೆ ಬಂದಂತೆ ಬೈಯುತ್ತಾರೆ. ಪ್ರವಾಸೋದ್ಯಮ ಇಲಾಖೆ ಅಲ್ಲಿಗೊಬ್ಬ ಗುಮಾಸ್ತನನ್ನು ಕಳಿಸಿ ಎಲ್ಲವನ್ನೂ ಅಕ್ಷರಶಃ ಬರೆಸಿಕೊಳ್ಳಲಿ. 364 ದಿನ ಯಾರೂ ಕೇಳದ ಅಭಿಪ್ರಾಯ ಆ ಒಂದೇ ದಿನದಲ್ಲಿ ಸಿಗುತ್ತದೆ. ವರದಿ ಅಚ್ಚಿಗೆ ಹೋಗುವ ಮುನ್ನ ಕೆಲವು ಶಬ್ದಗಳನ್ನು ಕಡತದಿಂದ ತೆಗೆಯಬೇಕಾದೀತು, ಅಷ್ಟೇ.